ಊರಿನ ಟಿವಿಗೊಂದು ಡಿವಿಡಿ: ಫೋಟೋ, ಹಾಡು ಮತ್ತು ನೆನಪಿನ ವಿಜ್ಞಾನ

ಇದು ಈ ಕಂತಿನ ಬರಹ ರೂಪ. ಓದುವವರಿಗೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಉಪಶೀರ್ಷಿಕೆ ಹಾಕಿದ್ದೇವೆ. ಉಳಿದಂತೆ ಮಾತು ಮಾತಾಗಿಯೇ ಇದೆ.

ಇವತ್ತಿನ ಪ್ರಶ್ನೆ ಇದು: ಮನೆಯ ಹಳೇ ಫೋಟೋಗಳನ್ನ ಹಾಡಿನ ಜೊತೆ ಜೋಡಿಸಿ, ಟಿವಿಯಲ್ಲಿ ಕೂತು ನೋಡುವಂಥ ಒಂದು ಡಿವಿಡಿ ಮಾಡೋದು ಹೇಗೆ? "ಈ ಕಾಲದಲ್ಲಿ ಡಿವಿಡಿನಾ?" ಅಂತ ನೀವು ಕೇಳಬಹುದು. ಸರಿ, ಆದರೆ ಹೊರದೇಶದಲ್ಲಿರುವ ನಮ್ಮಲ್ಲಿ ಎಷ್ಟೋ ಜನರಿಗೆ ಊರಲ್ಲಿ ಎಪ್ಪತ್ತು, ಎಂಬತ್ತು ದಾಟಿದ ಹಿರಿಯರಿದ್ದಾರೆ. ಫೋನಿನ ಪುಟ್ಟ ಪರದೆಯ ಮೇಲೆ ಬೆರಳಾಡಿಸಿ ಫೋಟೋ ನೋಡೋದು ಅವರಿಗೆ ಕಷ್ಟ. ವಾಟ್ಸ್‌ಆ್ಯಪ್‌ನಲ್ಲಿ ಇವತ್ತು ಕಳಿಸಿದ್ದು ನಾಳೆ ಹುಡುಕಿದರೆ ಕೈಗೆ ಸಿಗಲ್ಲ. ಟಿವಿ ಕೆಳಗೆ ಕೂತಿರುವ ಡಿವಿಡಿ ಪ್ಲೇಯರ್ ಮಾತ್ರ ಅವರ ಕೈಗೆ ಪಳಗಿದ್ದು. ಡಿಸ್ಕ್ ಹಾಕಿ ಒಂದು ಗುಂಡಿ ಒತ್ತಿದರೆ ಮುಗೀತು. ಇಂಟರ್ನೆಟ್ ಬೇಡ, ಪಾಸ್‌ವರ್ಡ್ ಬೇಡ, ಮೊಮ್ಮಕ್ಕಳನ್ನ ಕೂಗೋದೂ ಬೇಡ.

ಈ ಕೆಲಸದಲ್ಲಿ ಅಚ್ಚರಿ ಆಗುವಷ್ಟು ವಿಜ್ಞಾನ ಅಡಗಿದೆ. ಫೋಟೋಗೆ ಹಿಡಿಯುವ ಬೂಷ್ಟು, ಕಣ್ಣು ಚಲಿಸುವ ರೀತಿ, ಹಾಡು ನೆನಪನ್ನ ಎಬ್ಬಿಸುವ ಬಗೆ, ಲೇಸರ್, ಗಣಿತ, ಎಲ್ಲವೂ. ಒಂದೊಂದಾಗಿ ನೋಡೋಣ.

ಚೀಟಿ ಇಲ್ಲದ ಮಾದರಿ

ನಾನು ಜೀವಶಾಸ್ತ್ರದ ಸಂಶೋಧಕಿ. ಹಾಗಾಗಿ ಮ್ಯೂಸಿಯಮ್ಮಿಂದಲೇ ಶುರು ಮಾಡ್ತೀನಿ. ಪ್ರಾಣಿಶಾಸ್ತ್ರದ ಸಂಗ್ರಹಗಳಲ್ಲಿ ಕೀಟಗಳನ್ನ ಸೂಜಿ ಚುಚ್ಚಿ ಸಾಲಾಗಿ ಇಟ್ಟಿರ್ತಾರೆ. ಪ್ರತಿ ಸೂಜಿಯಲ್ಲೂ ಒಂದು ಪುಟ್ಟ ಚೀಟಿ ಇರುತ್ತೆ: ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು, ಯಾರು ಹಿಡಿದರು. ಚೀಟಿ ಕಳೆದುಹೋದರೆ, ಆ ಚಿಟ್ಟೆ ನೋಡೋಕೆ ಎಷ್ಟೇ ಚೆಂದ ಇರಲಿ, ಸಂಶೋಧನೆಗೆ ಅದರ ಬೆಲೆ ತುಂಬಾ ಇಳಿದುಹೋಗುತ್ತೆ. ಅದು ಯಾವ ಕಾಡಿಂದ, ಯಾವ ಕಾಲದ್ದು ಅಂತ ಯಾರೂ ಹೇಳೋಕಾಗಲ್ಲ.

ಮನೆಯ ಫೋಟೋನೂ ಹೀಗೇ. ಅರವತ್ತರ ದಶಕದ ಒಂದು ಮದುವೆ ಫೋಟೋ ಅಂದ್ಕೊಳ್ಳಿ. ಚಪ್ಪರದ ಕೆಳಗೆ ಇಪ್ಪತ್ತು ಜನ ನಿಂತಿದ್ದಾರೆ. ಅವರಲ್ಲಿ ಹದಿನೈದು ಜನರ ಹೆಸರು ಗೊತ್ತಿರೋದು ಒಬ್ಬರೇ ಒಬ್ಬರು ಅಜ್ಜಿಗೆ. ಅವರು ಇರುವ ತನಕ ಅದು ಕುಟುಂಬದ ಚರಿತ್ರೆ. ಆಮೇಲೆ ಅದು "ಯಾರೋ ಹಳೇ ಕಾಲದ ಜನ". ಫೋಟೋ ಹಾಳಾಗೋಕೆ ಐವತ್ತು ವರ್ಷ ಬೇಕು, ಆ ಹೆಸರುಗಳು ಕಳೆದುಹೋಗೋಕೆ ಒಂದು ದಿನ ಸಾಕು. ಹಾಗಾಗಿ ಸ್ಲೈಡ್‌ಶೋ ಮಾಡುವಾಗ ಮೊದಲ ಕೆಲಸ ಸಾಫ್ಟ್‌ವೇರ್ ಇಳಿಸಿಕೊಳ್ಳೋದಲ್ಲ, ಊರಿಗೆ ಫೋನ್ ಮಾಡೋದು.

ವಿಡಿಯೊ ಕರೆಯಲ್ಲಿ ಫೋಟೋ ತೋರಿಸಿ, ಅವರ ಒಪ್ಪಿಗೆ ಕೇಳಿ, ಮಾತನ್ನ ರೆಕಾರ್ಡ್ ಮಾಡಿಕೊಳ್ಳಿ. ಪ್ರತಿ ಫೋಟೋಗೂ ಐದು ಪ್ರಶ್ನೆ: ಯಾರ್ಯಾರಿದ್ದಾರೆ? ಎಲ್ಲಿ ತೆಗೆದದ್ದು? ಯಾವಾಗ? ತೆಗೆದವರು ಯಾರು? ಅವತ್ತು ಏನು ವಿಶೇಷ?

ಇಲ್ಲೊಂದು ಎಚ್ಚರಿಕೆ ಇದೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅನ್ನುವ ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಕಾರು ಅಪಘಾತದ ತುಣುಕು ತೋರಿಸಿ, "ಕಾರುಗಳು ತಾಗಿದಾಗ ವೇಗ ಎಷ್ಟಿತ್ತು?" ಅಂತ ಕೆಲವರಿಗೆ ಕೇಳಿದರು. "ಅಪ್ಪಳಿಸಿದಾಗ ವೇಗ ಎಷ್ಟಿತ್ತು?" ಅಂತ ಬೇರೆ ಕೆಲವರಿಗೆ ಕೇಳಿದರು. ಅಪ್ಪಳಿಸಿದ್ದು ಅಂತ ಕೇಳಿಸಿಕೊಂಡವರು ವೇಗವನ್ನ ಹೆಚ್ಚು ಹೇಳಿದರು. ಪ್ರಶ್ನೆಯ ಒಂದು ಪದವೇ ನೆನಪನ್ನ ತಿದ್ದಿಬಿಡುತ್ತೆ. ಹಾಗಾಗಿ "ಇದು ಸೀತತ್ತೆ ಅಲ್ವಾ ಅಜ್ಜಿ?" ಅಂತ ಕೇಳಬೇಡಿ. "ಇದು ಯಾರು ಅಜ್ಜಿ?" ಅಂತ ಕೇಳಿ ಸುಮ್ಮನಿರಿ. ಮೌನ ಸ್ವಲ್ಪ ಉದ್ದ ಆದರೂ ಪರವಾಗಿಲ್ಲ, ಕಾಯಿರಿ.

ಇಸವಿ ಕೇಳಿದರೆ ಹಲವರಿಗೆ ನೆನಪಿರಲ್ಲ. ಘಟನೆ ಕೇಳಿದರೆ ಇರುತ್ತೆ. "ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿ ಊರು ಬಿಟ್ಟೆವಲ್ಲ, ಅದಕ್ಕಿಂತ ಮುಂಚೆ" ಅಂದರೆ ಸುಮಾರು 1964ಕ್ಕೆ ಮೊದಲು. "ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟ ವರ್ಷ" ಅಂದರೆ 1973. "ಎಮರ್ಜೆನ್ಸಿ ಟೈಮಲ್ಲಿ" ಅಂದರೆ 1975ರಿಂದ 77. "ನಿಮ್ಮಪ್ಪನ ನಾಮಕರಣ ಆಗಿ ಮೂರು ತಿಂಗಳಿಗೆ" ಅಂದರೆ ಇನ್ನೂ ಸುಲಭ. ಖಚಿತ ಇಲ್ಲದಿದ್ದರೆ "ಸುಮಾರು" ಅಂತ ಬರೆಯಿರಿ. ಯಾರೆಂದು ತಿಳಿಯದ ಮುಖಕ್ಕೆ "ತಿಳಿದಿಲ್ಲ" ಅಂತಲೇ ಬರೆಯಿರಿ. ಊಹಿಸಿ ಬರೆದ ಚೀಟಿ ಖಾಲಿ ಚೀಟಿಗಿಂತ ಹೆಚ್ಚು ಹಾನಿ ಮಾಡುತ್ತೆ.

ಬೂಷ್ಟು, ಬಣ್ಣ, ಬೆಳಕು

ಈಗ ಫೋಟೋ ಕಡೆ ಬರೋಣ. ಹಳೇ ಫೋಟೋದ ಮೇಲ್ಪದರದಲ್ಲಿ ಇರೋದು ಜೆಲಟಿನ್. ಅದು ಪ್ರಾಣಿಗಳ ಚರ್ಮ ಮತ್ತು ಮೂಳೆಯಿಂದ ತೆಗೆಯುವ ಪ್ರೋಟೀನು. ಶಿಲೀಂಧ್ರಗಳಿಗೆ, ಅಂದ್ರೆ ಬೂಷ್ಟಿಗೆ, ಇದು ಒಳ್ಳೇ ಊಟ. ಗಾಳಿಯ ತೇವಾಂಶ ಶೇಕಡಾ 65-70 ದಾಟಿ ಹಾಗೇ ನಿಂತರೆ ಬೂಷ್ಟು ಬೆಳೆಯೋಕೆ ಶುರು ಮಾಡುತ್ತೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬೀರುವಿನೊಳಗಿನ ಆಲ್ಬಮ್‌ಗೆ ಏನಾಗುತ್ತೆ ಅಂತ ನಿಮಗೇ ಗೊತ್ತು. ಬೂಷ್ಟು ಕಂಡ ಫೋಟೋನ ಒದ್ದೆ ಬಟ್ಟೆಯಿಂದ ಒರೆಸಬೇಡಿ. ನೀರು ತಾಗಿದರೆ ಜೆಲಟಿನ್ ಊದಿ ಮೆತ್ತಗಾಗುತ್ತೆ, ಬಟ್ಟೆಯ ಜೊತೆ ಚಿತ್ರವೇ ಎದ್ದು ಬರಬಹುದು. ನೆರಳಲ್ಲಿ ಗಾಳಿಗೆ ಒಣಗಿಸಿ, ಮನೆಯಿಂದ ಹೊರಗೆ ಕೂತು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆಯ ಕುಂಚದಿಂದ ನಿಧಾನಕ್ಕೆ ಜಾಡಿಸಿ.

ಎಪ್ಪತ್ತರ ದಶಕದ ಕಲರ್ ಫೋಟೋಗಳು ಯಾಕೆ ಕೆಂಪಗಾಗಿರುತ್ತವೆ ಗೊತ್ತಾ? ಕಲರ್ ಪ್ರಿಂಟಿನಲ್ಲಿ ಮೂರು ಬಣ್ಣದ ಪದರ ಇರುತ್ತೆ: ಹಸಿರುನೀಲಿ, ಕಡುಗುಲಾಬಿ, ಹಳದಿ. ಆ ಕಾಲದ ಎಷ್ಟೋ ಕಾಗದಗಳಲ್ಲಿ ಹಸಿರುನೀಲಿ ಬಣ್ಣ ಕತ್ತಲಲ್ಲಿ ಇಟ್ಟರೂ ಬೇಗ ಮಾಸುತ್ತಿತ್ತು. ಅದು ಹೋದಮೇಲೆ ಉಳಿಯೋದು ಕೆಂಪು ಛಾಯೆ. ಕಪ್ಪುಬಿಳುಪು ಫೋಟೋದಲ್ಲಿ ಚಿತ್ರ ಇರೋದು ಬೆಳ್ಳಿಯ ಸಣ್ಣ ಕಣಗಳಲ್ಲಿ. ಹಾಗಾಗಿಯೇ ಅಜ್ಜನ ಮದುವೆ ಫೋಟೋ ಅಪ್ಪನ ಮದುವೆ ಫೋಟೋಗಿಂತ ಚೆನ್ನಾಗಿ ಉಳಿದಿರೋದು ಎಷ್ಟೋ ಮನೆಗಳಲ್ಲಿ ಕಾಣುತ್ತೆ. ಅಂದ್ರೆ ಕಲರ್ ಫೋಟೋಗಳನ್ನ ಮೊದಲು ಸ್ಕ್ಯಾನ್ ಮಾಡಿ, ಕಪ್ಪುಬಿಳುಪು ಆಮೇಲೆ.

ಸ್ಕ್ಯಾನ್ ಎಷ್ಟು ವಿವರವಾಗಿ ಮಾಡಬೇಕು? ನಾಲ್ಕು ಇಂಚು, ಆರು ಇಂಚಿನ ಪ್ರಿಂಟನ್ನ ಇಂಚಿಗೆ 300 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ 1200 × 1800 ಪಿಕ್ಸೆಲ್ ಸಿಗುತ್ತೆ. ಪಾಸ್‌ಪೋರ್ಟ್ ಅಳತೆಯ ಚಿಕ್ಕ ಫೋಟೋಗೆ 600 ಇಟ್ಟುಕೊಳ್ಳಿ. ಗೋಡೆಗೆ ಮೊಳೆ ಹೊಡೆದು ಹಾಕಿರುವ ಗಾಜಿನ ಕಟ್ಟಿನ ಫೋಟೋನ ಬಿಚ್ಚೋಕೆ ಹೋಗಬೇಡಿ, ಗಾಜಿಗೆ ಅಂಟಿಕೊಂಡಿರಬಹುದು. ಹಗಲು ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಇಟ್ಟು, ಫ್ಲ್ಯಾಶ್ ಆರಿಸಿ, ಫೋನಿನಿಂದಲೇ ತೆಗೆಯಿರಿ. ಕಪ್ಪು ಬಟ್ಟೆ ಹೊದ್ದುಕೊಂಡು ತೆಗೆದರೆ ಗಾಜಿನಲ್ಲಿ ನಿಮ್ಮ ಪ್ರತಿಬಿಂಬ ಕಾಣಲ್ಲ. ಊರಲ್ಲಿರುವ ತಮ್ಮನಿಗೋ ಚಿಕ್ಕಮ್ಮನ ಮಗಳಿಗೋ ಈ ಕೆಲಸ ವಹಿಸಬಹುದು.

ಒಂದು ಫೋಟೋ ಎಷ್ಟು ಹೊತ್ತು?

ಹೆಚ್ಚಿನ ಸಾಫ್ಟ್‌ವೇರ್‌ಗಳು ಪ್ರತಿ ಫೋಟೋಗೂ ಒಂದೇ ಅಳತೆಯ ಸಮಯ ಕೊಡುತ್ತವೆ, ಮೂರೋ ಐದೋ ಸೆಕೆಂಡು. ನಮ್ಮ ಕಣ್ಣು ಹಾಗೆ ಕೆಲಸ ಮಾಡಲ್ಲ.

ಕೈಯನ್ನ ಮುಂದಕ್ಕೆ ಚಾಚಿ ಹೆಬ್ಬೆರಳಿನ ಉಗುರು ನೋಡಿ. ನಮಗೆ ನಿಜವಾಗಿ ಸ್ಪಷ್ಟವಾಗಿ ಕಾಣೋದು ಸುಮಾರು ಅಷ್ಟೇ ಜಾಗ. ಉಳಿದದ್ದೆಲ್ಲ ಮಸುಕು. ಆದರೆ ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಸಲ ಜಿಗಿದು ಜಾಗ ಬದಲಿಸುತ್ತಾ ಇರೋದರಿಂದ ಇಡೀ ಚಿತ್ರ ಸ್ಪಷ್ಟ ಅನ್ನಿಸುತ್ತೆ. ರಷ್ಯಾದ ಆಲ್ಫ್ರೆಡ್ ಯಾರ್ಬಸ್ ಈ ಜಿಗಿತಗಳನ್ನ ದಾಖಲಿಸಿದರು. ಇಲ್ಯಾ ರೆಪಿನ್ ಬರೆದ ಒಂದು ಚಿತ್ರವನ್ನ ತೋರಿಸಿ ಬೇರೆ ಬೇರೆ ಪ್ರಶ್ನೆ ಕೇಳಿದಾಗ, ಅದೇ ವ್ಯಕ್ತಿಯ ಕಣ್ಣು ಅದೇ ಚಿತ್ರದ ಮೇಲೆ ಬೇರೆ ಬೇರೆ ದಾರಿ ಹಿಡಿಯಿತು. "ಇವರ ವಯಸ್ಸೆಷ್ಟು?" ಅಂದರೆ ಮುಖಗಳ ಮೇಲೆ, "ಮನೆಯಲ್ಲಿ ಏನೇನಿದೆ?" ಅಂದರೆ ವಸ್ತುಗಳ ಮೇಲೆ.

ನಮ್ಮ ಸ್ಲೈಡ್‌ಶೋ ನೋಡುವ ಹಿರಿಯರ ಪ್ರಶ್ನೆ ಒಂದೇ: ಯಾರ್ಯಾರಿದ್ದಾರೆ? ಅವರು ಒಂದೊಂದೇ ಮುಖ ಹುಡುಕುತ್ತಾರೆ. ಅದಕ್ಕೆ ನಾನು ಬಳಸುವ ಒಂದು ಸರಳ ಲೆಕ್ಕ ಇದೆ. ಪ್ರತಿ ಫೋಟೋಗೆ ನಾಲ್ಕು ಸೆಕೆಂಡು, ಅದಕ್ಕೆ ಪ್ರತಿ ಮುಖಕ್ಕೆ ಅರ್ಧ ಸೆಕೆಂಡು ಸೇರಿಸಿ. ಒಬ್ಬರೇ ಇದ್ದರೆ ನಾಲ್ಕೂವರೆ, ಎಂಟು ಜನರಿದ್ದರೆ ಎಂಟು, ಇಪ್ಪತ್ತು ಜನರ ಮದುವೆ ಫೋಟೋಗೆ ಹದಿನಾಲ್ಕು. ನಿಮಗೆ ಉದ್ದ ಅನ್ನಿಸಬಹುದು. ನೀವು ಆ ಫೋಟೋನ ಎಡಿಟ್ ಮಾಡುವಾಗ ನೂರು ಸಲ ನೋಡಿರುತ್ತೀರಿ, ಅವರು ನೋಡ್ತಿರೋದು ಮೊದಲ ಸಲ.

ವಯಸ್ಸಾದ ಕಣ್ಣಿಗೆ ಇನ್ನೂ ಎರಡು ಮಾತು. ವಯಸ್ಸಾದಂತೆ ಪಾಪೆ ಚಿಕ್ಕದಾಗುತ್ತೆ, ಕಣ್ಣಿನ ಮಸೂರ ಹಳದಿಯಾಗುತ್ತೆ. ಒಳಗೆ ಹೋಗುವ ಬೆಳಕು ಕಡಿಮೆ, ಅದರಲ್ಲೂ ನೀಲಿ ಕಡಿಮೆ. ಹಾಗಾಗಿ ಫೋಟೋಗಳನ್ನ ಸ್ವಲ್ಪ ಬೆಳ್ಳಗೆ ಮಾಡಿ, ಅಕ್ಷರಗಳನ್ನ ದಪ್ಪಗೆ, ಕಪ್ಪು ಪಟ್ಟಿಯ ಮೇಲೆ ಬಿಳಿಯದಾಗಿ ಇಡಿ. ನೀಲಿ ಮೇಲೆ ಕಪ್ಪು ಬೇಡವೇ ಬೇಡ.

ಒಂದು ಫೋಟೋಯಿಂದ ಇನ್ನೊಂದಕ್ಕೆ ಹೋಗುವಾಗ ಪುಟ ಮಗುಚೋದು, ನಕ್ಷತ್ರ ಸಿಡಿಯೋದು ಇವೆಲ್ಲ ಬಿಡಿ. ಮೆಲ್ಲಗೆ ಕರಗಿ ಮುಂದಿನದು ಮೂಡಿದರೆ ಸಾಕು, ಒಂದು ಸೆಕೆಂಡು. ಇಲ್ಲೊಂದು ಗಣಿತ ನೆನಪಿಡಿ. ಕರಗುವ ಆ ಒಂದು ಸೆಕೆಂಡಿನಲ್ಲಿ ಎರಡು ಫೋಟೋಗಳು ಹಂಚಿಕೊಂಡಿರುತ್ತವೆ. ಪ್ರತಿ ಫೋಟೋ ಆರು ಸೆಕೆಂಡು ಅಂತ ಇಟ್ಟರೆ ಲೆಕ್ಕಕ್ಕೆ ಸಿಗೋದು ಐದೇ. ನಾಲ್ಕೂವರೆ ನಿಮಿಷದ ಹಾಡು ಅಂದ್ರೆ 270 ಸೆಕೆಂಡು. ಅದಕ್ಕೆ 45 ಫೋಟೋ ಸಾಕು ಅಂತ ಜೋಡಿಸಿದರೆ, ಫೋಟೋ ಮುಗಿದಮೇಲೂ ಹಾಡು ಮುಕ್ಕಾಲು ನಿಮಿಷ ಉಳಿದಿರುತ್ತೆ. ಬೇಕಾಗೋದು 54.

ಯಾವ ಹಾಡು?

ಈಗ ನನಗೆ ತುಂಬಾ ಇಷ್ಟವಾದ ಭಾಗ. ಮನೋವಿಜ್ಞಾನದಲ್ಲಿ ನೆನಪಿನ ಉಬ್ಬು ಅನ್ನುವ ಒಂದು ವಿಷಯ ಇದೆ. ವಯಸ್ಸಾದವರಿಗೆ ಜೀವನದ ನೆನಪುಗಳನ್ನ ಹೇಳಿ ಅಂದರೆ, ಅವು ವರ್ಷಗಳ ಮೇಲೆ ಸಮನಾಗಿ ಹರಡಿರಲ್ಲ. ಸುಮಾರು ಹತ್ತರಿಂದ ಮೂವತ್ತು ವಯಸ್ಸಿನ ನಡುವಿನ ನೆನಪುಗಳು ಗುಡ್ಡದ ಹಾಗೆ ಎದ್ದು ನಿಂತಿರುತ್ತವೆ. ಶಾಲೆ, ಗೆಳೆತನ, ಮದುವೆ, ಮೊದಲ ಮಗು, ಎಲ್ಲ ಆಗೋದು ಆಗಲೇ ತಾನೆ.

ಹಾಡುಗಳಿಗೂ ಇದು ಅನ್ವಯಿಸುತ್ತೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿ ಪೀಟರ್ ಯಾನಾಟಾ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಅವರ ಬಾಲ್ಯ ಮತ್ತು ಹದಿಹರೆಯದಲ್ಲಿ ಜನಪ್ರಿಯವಾಗಿದ್ದ ಹಾಡಿನ ತುಣುಕುಗಳನ್ನ ಕೇಳಿಸುತ್ತಾ ಮಿದುಳಿನ ಚಟುವಟಿಕೆ ಅಳೆದರು. ಹಾಡು ಹಳೇ ನೆನಪನ್ನ ಎಬ್ಬಿಸಿದಾಗ ಹಣೆಯ ಹಿಂದೆ, ಮಧ್ಯಭಾಗದಲ್ಲಿರುವ ಮಿದುಳಿನ ಒಂದು ಪ್ರದೇಶ ಚುರುಕಾಗುತ್ತಿತ್ತು. ಆಲ್ಝೈಮರ್ ಕಾಯಿಲೆಯಲ್ಲಿ ಈ ಭಾಗ ಬೇರೆ ಎಷ್ಟೋ ಭಾಗಗಳಿಗಿಂತ ತಡವಾಗಿ ಸೊರಗುತ್ತೆ. ಹೆಸರು ಮರೆತವರು ಹಾಡಿನ ಸಾಲು ಮರೆಯದೇ ಇರೋದಕ್ಕೆ ಇದೊಂದು ಕಾರಣ ಇರಬಹುದು ಅಂತ ಅವರು ಸೂಚಿಸಿದರು. ಹಾಡು ಔಷಧಿ ಅಂತ ಇದರರ್ಥ ಅಲ್ಲ. ಕಾಯಿಲೆ ಅದರಿಂದ ವಾಸಿ ಆಗಲ್ಲ. ಆದರೆ ಒಂದು ಸಂಜೆಯ ಮಟ್ಟಿಗೆ ಬಾಗಿಲು ತೆರೆಯಬಹುದು.

ಹಾಗಾದ್ರೆ ಹಾಡು ಆರಿಸೋದು ಹೇಗೆ? ನೋಡುವವರ ಹುಟ್ಟಿದ ವರ್ಷಕ್ಕೆ ಹತ್ತು ಕೂಡಿಸಿ, ಮೂವತ್ತು ಕೂಡಿಸಿ. 1945ರಲ್ಲಿ ಹುಟ್ಟಿದ ಅಜ್ಜಿಗೆ 1955ರಿಂದ 1975ರ ಹಾಡು. ಅಂದ್ರೆ 1967ರ ಬೆಳ್ಳಿಮೋಡ, 1971ರ ಕಸ್ತೂರಿ ನಿವಾಸ, 1972ರ ಬಂಗಾರದ ಮನುಷ್ಯ ಮತ್ತು ನಾಗರಹಾವು, ಇವೆಲ್ಲ ಆ ಕಿಟಕಿಯೊಳಗೆ ಬರುತ್ತವೆ. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಅವರ ದನಿಯ ಕಾಲ. 1955ರಲ್ಲಿ ಹುಟ್ಟಿದವರಿಗೆ 1978ರ ನಿತ್ಯೋತ್ಸವ ಕ್ಯಾಸೆಟ್ಟು ಬರುವಾಗ ಇಪ್ಪತ್ತಮೂರು ವರ್ಷ. ನಿಮಗಿಷ್ಟವಾದ ಹೊಸ ಹಾಡನ್ನ ಹಾಕಬೇಡಿ ಅಂತಲ್ಲ. ಅದನ್ನ ಮೊಮ್ಮಕ್ಕಳ ಫೋಟೋಗಳಿಗೆ ಇಟ್ಟುಕೊಳ್ಳಿ.

ಹಾಡಿಗಿಂತ ದೊಡ್ಡದು ಒಂದಿದೆ. ನೀವು ರೆಕಾರ್ಡ್ ಮಾಡಿಕೊಂಡ ಅವರದೇ ಮಾತು. "ಇದು ನಮ್ಮ ದೊಡ್ಡಪ್ಪನ ಮನೆ ಅಂಗಳ, ಆ ಹಲಸಿನ ಮರ ಈಗಿಲ್ಲ" ಅಂತ ಅಜ್ಜಿಯೇ ಹೇಳುವಾಗ ಆ ಫೋಟೋ ಪರದೆ ಮೇಲೆ ಇರಲಿ. ಸೋಬಾನೆ ಪದವೋ ಹಸೆ ಹಾಡೋ ಬರುತ್ತಿದ್ದರೆ ಅದನ್ನೂ ಹಾಡಿಸಿಕೊಳ್ಳಿ. ಮಾತು ಬರುವಾಗ ಹಿನ್ನೆಲೆಯ ಹಾಡನ್ನ 15ರಿಂದ 20 ಡೆಸಿಬೆಲ್ ಇಳಿಸಿ. ಯಾಕಂದ್ರೆ ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳೋದು ತಾರಕದ ಸ್ವರಗಳನ್ನ. ಸ, ಶ, ತ, ಕ ಇಂಥ ವ್ಯಂಜನಗಳ ಗುರುತು ಇರೋದು ಹೆಚ್ಚಾಗಿ ಅಲ್ಲೇ. ಹಿಂದೆ ಪಿಟೀಲು ಜೋರಾಗಿದ್ದರೆ ಅವರಿಗೆ ದನಿ ಕೇಳುತ್ತೆ, ಮಾತು ತಿಳಿಯಲ್ಲ. ಹಾಗೆಯೇ ಸಾಹಿತ್ಯ ಇರುವ ಹಾಡು, ಮೇಲೊಂದು ಮಾತು, ಕೆಳಗೊಂದು ಉದ್ದದ ಬರಹ, ಮೂರನ್ನೂ ಒಟ್ಟಿಗೆ ಹಾಕಬೇಡಿ. ಭಾಷೆಯ ದಾರಿ ಒಂದೇ, ಮೂರು ಬಸ್ಸು ಒಟ್ಟಿಗೆ ಹೋಗಲ್ಲ. ಮಾತು ಬರುವಾಗ ಬರೀ ವಾದ್ಯಸಂಗೀತ ಇರಲಿ.

ಹಾಡುಗಳನ್ನ ದುಡ್ಡು ಕೊಟ್ಟು ಕೊಂಡ ಸಿಡಿಯಿಂದಲೋ ಫೈಲ್‌ನಿಂದಲೋ ತೆಗೆದುಕೊಳ್ಳಿ. ಡಿವಿಡಿ ಮನೆಯೊಳಗೇ ಇರಲಿ, ಮಾರೋದು, ಎಲ್ಲರಿಗೂ ಕಾಣುವಂತೆ ಏರಿಸೋದು ಬೇಡ.

ಟಿವಿಯ ಚೌಕಟ್ಟು

ಅಮೆರಿಕದಲ್ಲಿ ಕೂತು ಭಾರತಕ್ಕೆ ಡಿವಿಡಿ ಮಾಡುವವರು ಇಲ್ಲಿ ಗಮನ ಕೊಡಿ. ಭಾರತದ ಟಿವಿ ಪದ್ಧತಿ ಪಾಲ್: 720 × 576 ಪಿಕ್ಸೆಲ್, ಸೆಕೆಂಡಿಗೆ 25 ಚಿತ್ರ. ಅಮೆರಿಕ, ಕೆನಡಾದಲ್ಲಿ ಎನ್‌ಟಿಎಸ್‌ಸಿ: 720 × 480, ಸೆಕೆಂಡಿಗೆ 29.97 ಚಿತ್ರ. ಬ್ರಿಟನ್, ಜರ್ಮನಿ, ಆಸ್ಟ್ರೇಲಿಯಾ, ಸಿಂಗಪುರದವರಿಗೆ ತೊಂದರೆ ಇಲ್ಲ, ಅಲ್ಲೂ ಪಾಲ್. ಭಾರತದಲ್ಲಿ ಮಾರುವ ಹೆಚ್ಚಿನ ಪ್ಲೇಯರ್‌ಗಳು ಎರಡನ್ನೂ ಓಡಿಸುತ್ತವೆ ನಿಜ, ಆದರೆ ಊರಿನ ಹಳೇ ಪೆಟ್ಟಿಗೆಯ ಮೇಲೆ ಯಾಕೆ ಪರೀಕ್ಷೆ? ಯೋಜನೆ ಶುರು ಮಾಡುವಾಗಲೇ ಪಾಲ್ ಆರಿಸಿಕೊಳ್ಳಿ. ಸಿನಿಮಾ ಡಿವಿಡಿಗಳಲ್ಲಿರುವ ಪ್ರದೇಶದ ಬೀಗ ಮನೆಯಲ್ಲಿ ಮಾಡಿದ ಡಿವಿಡಿಗೆ ಇರಲ್ಲ.

720ನ್ನ 576ರಿಂದ ಗುಣಿಸಿದರೆ ಸುಮಾರು 4 ಲಕ್ಷದ 15 ಸಾವಿರ ಪಿಕ್ಸೆಲ್. ನಿಮ್ಮ ಫೋನಿನ ಫೋಟೋದಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷ. ಅಂದ್ರೆ ಡಿವಿಡಿಯಲ್ಲಿ ಕಾಣೋದು ಮೂವತ್ತರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಹಾಗಾಗಿ ದೊಡ್ಡ ಗುಂಪಿನ ಫೋಟೋನ ಮೊದಲು ಪೂರ್ತಿ ತೋರಿಸಿ, ಆಮೇಲೆ ಎಡಭಾಗ, ಬಲಭಾಗ ಅಂತ ಹತ್ತಿರದಿಂದ ತೋರಿಸಿ. ಇಲ್ಲದಿದ್ದರೆ ಮುಖಗಳು ಸಾಸಿವೆ ಕಾಳಿನಂತೆ ಕಾಣುತ್ತವೆ.

ಇನ್ನು ಮೂರು ಸಣ್ಣ ವಿಷಯ. ಒಂದು, ಡಿವಿಡಿಯ ಪಿಕ್ಸೆಲ್ ಸರಿಯಾದ ಚೌಕ ಅಲ್ಲ. ಸಾಫ್ಟ್‌ವೇರ್ ಸೆಟ್ಟಿಂಗ್ ತಪ್ಪಿದರೆ ಎಲ್ಲರೂ ದಪ್ಪಗೋ ತೆಳ್ಳಗೋ ಕಾಣುತ್ತಾರೆ. ಪರೀಕ್ಷೆಗೆ ಒಂದು ದುಂಡು ತಟ್ಟೆಯ ಫೋಟೋ ಸೇರಿಸಿ ನೋಡಿ, ಟಿವಿಯಲ್ಲೂ ದುಂಡಗೇ ಕಂಡರೆ ಸರಿ. ಎರಡು, ಹಳೇ ಟಿವಿಗಳು ಚಿತ್ರದ ಅಂಚನ್ನ ಕತ್ತರಿಸುತ್ತವೆ. ನಾಲ್ಕೂ ಕಡೆ ಹತ್ತನೇ ಒಂದು ಭಾಗ ಬಿಟ್ಟು ಒಳಗೆ ಹೆಸರು ಬರೆಯಿರಿ. ಮೂರು, ಹಳೇ ಟಿವಿ ಒಂದು ಸಲ ಬೆಸ ಸಾಲು, ಇನ್ನೊಂದು ಸಲ ಸಮ ಸಾಲು ಅಂತ ಚಿತ್ರ ಬಿಡಿಸುತ್ತೆ. ಒಂದೇ ಸಾಲಿನಷ್ಟು ತೆಳ್ಳಗಿರುವ ಅಡ್ಡಗೆರೆ ಸೆಕೆಂಡಿಗೆ 25 ಸಲ ಮಾತ್ರ ಮಿನುಗುತ್ತೆ, ನಮ್ಮ ಕಣ್ಣು ಅದನ್ನ ಹಿಡಿದುಬಿಡುತ್ತೆ. ರೇಷ್ಮೆ ಸೀರೆಯ ಸಣ್ಣ ಜರಿ ಗೆರೆಗಳು ಝಲ್ ಝಲ್ ಅಂತ ನಡುಗೋದು ಇದಕ್ಕೇ. ಅಂಥ ಫೋಟೋನ ಒಂದು ಚೂರು ಮಸುಕು ಮಾಡಿದರೆ ನಿಲ್ಲುತ್ತೆ.

ಡಿಸ್ಕಿನೊಳಗೆ ಏನಿದೆ?

ಡಿವಿಡಿ ಅಂದ್ರೆ ತಲಾ 0.6 ಮಿಲಿಮೀಟರ್ ದಪ್ಪದ ಎರಡು ಪ್ಲಾಸ್ಟಿಕ್ ಬಿಲ್ಲೆಗಳ ಅಂಟು. ನಡುವೆ ಸುರುಳಿಯಾಗಿ ಒಂದು ದಾರಿ, ಒಳಗಿನಿಂದ ಹೊರಗೆ. ಪಕ್ಕಪಕ್ಕದ ಸುತ್ತುಗಳ ನಡುವೆ ಅಂತರ 0.74 ಮೈಕ್ರಾನ್. ನಮ್ಮ ಒಂದು ತಲೆಗೂದಲಿನ ದಪ್ಪದಲ್ಲಿ ಇಂಥ ತೊಂಬತ್ತಕ್ಕೂ ಹೆಚ್ಚು ಸುತ್ತು ಹಿಡಿಸುತ್ತವೆ. ಆ ಸುರುಳಿಯನ್ನ ಬಿಚ್ಚಿ ನೆಟ್ಟಗೆ ಮಾಡಿದರೆ ಸುಮಾರು 12 ಕಿಲೋಮೀಟರ್! 650 ನ್ಯಾನೋಮೀಟರ್‌ನ ಕೆಂಪು ಲೇಸರ್ ಈ ದಾರಿಯನ್ನ ಓದುತ್ತೆ.

ಅಂಗಡಿಯಿಂದ ತಂದ ಖಾಲಿ ಡಿವಿಡಿ-ಆರ್‌ನಲ್ಲಿ ಒಂದು ಸಾವಯವ ಬಣ್ಣದ ಪದರ ಇರುತ್ತೆ. ಬರ್ನ್ ಮಾಡುವಾಗ ಲೇಸರ್ ಆ ಬಣ್ಣವನ್ನ ಅಲ್ಲಲ್ಲಿ ಸುಟ್ಟು ಗುರುತು ಮಾಡುತ್ತೆ. ಗಮನಿಸಿ, ಇಲ್ಲೂ ಬಣ್ಣವೇ. ಕಲರ್ ಫೋಟೋ ಮಾಸಿದ ಹಾಗೆ ಇದೂ ಬಿಸಿಲು, ಸೆಖೆಗೆ ಮಾಸುತ್ತೆ.

ಒಂದು ಡಿಸ್ಕಿನಲ್ಲಿ 4.7 ಗಿಗಾಬೈಟ್ ಹಿಡಿಸುತ್ತೆ. ಸೆಕೆಂಡಿಗೆ 7 ಮೆಗಾಬಿಟ್‌ನಷ್ಟು ಒಳ್ಳೇ ಗುಣಮಟ್ಟದ ವಿಡಿಯೊ, 0.2ರಷ್ಟು ಧ್ವನಿ ಅಂತ ಇಟ್ಟರೆ, 20 ನಿಮಿಷದ ಸ್ಲೈಡ್‌ಶೋಗೆ ಬೇಕಾಗೋದು 1.1 ಗಿಗಾಬೈಟ್ ಮಾತ್ರ. ನಿಯಮದ ಪ್ರಕಾರ ವಿಡಿಯೊ 9.8 ಮೆಗಾಬಿಟ್ ತನಕ ಹೋಗಬಹುದು, ಆದರೆ ಮನೆಯಲ್ಲಿ ಬರೆದ ಡಿಸ್ಕಿನಲ್ಲಿ ಅಷ್ಟು ವೇಗವನ್ನ ಹಳೇ ಪ್ಲೇಯರ್ ತಡೆದುಕೊಳ್ಳದೆ ಮುಗ್ಗರಿಸಬಹುದು. ಆರೇಳು ಸಾಕು. ಉಳಿದ ಮೂರೂವರೆ ಗಿಗಾಬೈಟ್ ಖಾಲಿ ಬಿಡಬೇಡಿ. ವಿಡಿಯೊ ಫೋಲ್ಡರಿನ ಪಕ್ಕದಲ್ಲೇ ಇನ್ನೊಂದು ಫೋಲ್ಡರ್ ಮಾಡಿ ಮೂಲ ಸ್ಕ್ಯಾನ್‌ಗಳು, ಹೆಸರುಗಳ ಪಟ್ಟಿ, ಅಜ್ಜಿಯ ಪೂರ್ತಿ ಮಾತಿನ ರೆಕಾರ್ಡಿಂಗ್ ಎಲ್ಲ ತುಂಬಿಸಿ. ಪ್ಲೇಯರ್ ಅದನ್ನ ಕಡೆಗಣಿಸುತ್ತೆ, ಕಂಪ್ಯೂಟರಿಗೆ ಹಾಕಿದವರಿಗೆ ಎಲ್ಲವೂ ಸಿಗುತ್ತೆ.

ಕೆಲಸದ ಕ್ರಮ ಹೀಗೆ: ಯಾವುದಾದರೂ ವಿಡಿಯೊ ಎಡಿಟರ್‌ನಲ್ಲಿ ಫೋಟೋ, ಹಾಡು, ಮಾತು ಜೋಡಿಸಿ ಒಂದು ಫೈಲ್ ಮಾಡಿ. ಡಿವಿಡಿಸ್ಟೈಲರ್‌ನಂಥ ಉಚಿತ ಸಾಫ್ಟ್‌ವೇರ್‌ಗೆ ಅದನ್ನ ಕೊಟ್ಟರೆ ಡಿವಿಡಿಗೆ ಬೇಕಾದ ಎಂಪೆಗ್-2 ರೂಪಕ್ಕೆ ಬದಲಿಸಿ, ಮೆನು ಕೂಡ ಮಾಡಿಕೊಡುತ್ತೆ. ಮೆನುವಿನಲ್ಲಿ ಎರಡೋ ಮೂರೋ ಗುಂಡಿ ಸಾಕು. ಇನ್ನೂ ಒಳ್ಳೇದು, ಡಿಸ್ಕ್ ಹಾಕಿದ ಕೂಡಲೇ ತಾನಾಗಿ ಶುರುವಾಗುವಂತೆ ಇಡಿ. ಬರ್ನ್ ಮಾಡುವಾಗ ನಿಧಾನದ ವೇಗ ಆರಿಸಿ, ಕೊನೆಗೆ ಸರಿಯಾಗಿದೆಯೇ ಅಂತ ಪರಿಶೀಲಿಸುವ ಆಯ್ಕೆ ಒತ್ತಿ. ಕಂಪ್ಯೂಟರಿನಲ್ಲಿ ಮಾತ್ರ ನೋಡಿ ಸಮಾಧಾನ ಪಡಬೇಡಿ, ಒಂದು ನಿಜವಾದ ಪ್ಲೇಯರ್‌ನಲ್ಲಿ ಮೊದಲಿಂದ ಕೊನೆಯ ತನಕ ಓಡಿಸಿ ನೋಡಿ.

ಗೀಚು ಬಿದ್ದರೆ?

ಡಿವಿಡಿ ತನ್ನ ಗಾಯವನ್ನ ತಾನೇ ಸರಿಮಾಡಿಕೊಳ್ಳುತ್ತೆ ಅಂದ್ರೆ ನಂಬ್ತೀರಾ? 1960ರಲ್ಲಿ ಅರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲಮನ್ ಅನ್ನುವ ಗಣಿತಜ್ಞರು ಒಂದು ಸಂಕೇತ ಪದ್ಧತಿ ಕಂಡುಹಿಡಿದರು. ಮಾಹಿತಿಯನ್ನ 192 ಸಾಲಿನ, ಪ್ರತಿ ಸಾಲಿಗೆ 172 ಬೈಟ್‌ನ ಒಂದು ಕೋಷ್ಟಕ ಅಂದ್ಕೊಳ್ಳಿ. ಡಿವಿಡಿ ಪ್ರತಿ ಸಾಲಿಗೂ 10 ಬೈಟ್, ಕೆಳಗೆ ಇನ್ನೂ 16 ಸಾಲು ಲೆಕ್ಕದ ಅಂಕಿಗಳನ್ನ ಸೇರಿಸುತ್ತೆ. ಅಂದ್ರೆ ಬರೆದದ್ದರಲ್ಲಿ ಸುಮಾರು 13 ಶೇಕಡಾ ಹೆಚ್ಚುವರಿ. ನಡುವೆ ಒಂದಷ್ಟು ಅಳಿಸಿಹೋದರೂ ಈ ಲೆಕ್ಕದಿಂದ ಮತ್ತೆ ಕಟ್ಟಬಹುದು. ನಮ್ಮ ಡಿಎನ್‌ಎಯಲ್ಲಿ ಎರಡು ಎಳೆ ಇರೋದೂ ಇಂಥ ಉಪಾಯವೇ. ಒಂದು ಎಳೆ ಹಾಳಾದರೆ ಇನ್ನೊಂದನ್ನ ನೋಡಿ ಜೀವಕೋಶ ತಿದ್ದಿಕೊಳ್ಳುತ್ತೆ.

ಆದರೆ ಹಾನಿ ಒಂದೇ ದಾರಿಯ ಉದ್ದಕ್ಕೂ ಆದರೆ ಲೆಕ್ಕ ಸೋಲುತ್ತೆ. ಅದಕ್ಕೇ ಡಿಸ್ಕನ್ನ ದುಂಡಗೆ ತಿಕ್ಕಬೇಡಿ. ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಆಗ ಗೀಚು ಬಿದ್ದರೂ ಅದು ಪ್ರತಿ ಸುತ್ತನ್ನ ಒಂದು ಚೂರು ಮಾತ್ರ ದಾಟುತ್ತೆ. ಕಾಗದದ ಲೇಬಲ್ ಅಂಟಿಸಬೇಡಿ. ಡಿಸ್ಕಿಗಾಗಿಯೇ ಇರುವ ಪೆನ್ನಿನಿಂದ ಹೆಸರು ಬರೆದು, ಡಬ್ಬಿಯಲ್ಲಿ ನಿಲ್ಲಿಸಿ, ಬಿಸಿಲು ಬೀಳದ, ತೇವ ಇಲ್ಲದ ಕಡೆ ಇಡಿ. ತೇವದ ಮಾತು ಸುಮ್ಮನೆ ಹೇಳ್ತಿಲ್ಲ. 2001ರಲ್ಲಿ ಸ್ಪೇನಿನ ವಿಜ್ಞಾನಿಗಳು, ಮಧ್ಯ ಅಮೆರಿಕದ ಬೆಲೀಝ್ ದೇಶದ ಸೆಖೆಯಲ್ಲಿ ಒಂದು ಸಿಡಿಯನ್ನೇ ಕೊರೆದು ತಿಂದ ಶಿಲೀಂಧ್ರದ ಬಗ್ಗೆ ವರದಿ ಮಾಡಿದರು. ಬೂಷ್ಟಿನ ಹಸಿವಿಗೆ ಮಿತಿ ಇಲ್ಲ!

ಹಾಗಾದ್ರೆ ಯಾವ ಡಿಸ್ಕು ನೂರು ವರ್ಷ ಬಾಳುತ್ತೆ? ಜೀವಶಾಸ್ತ್ರ ನೋಡಿ ಹೇಳೋದಾದರೆ, ಪ್ರಶ್ನೆಯನ್ನೇ ಬದಲಿಸಬೇಕು. ಜೀವದ ಮಾಹಿತಿ ಕೋಟ್ಯಂತರ ವರ್ಷದಿಂದ ಉಳಿದಿದೆ, ಆದರೆ ಯಾವ ಒಂದು ಅಣುವೂ ಅಷ್ಟು ದಿನ ಉಳಿದಿಲ್ಲ. ಅದು ಉಳಿದಿರೋದು ಪ್ರತಿ ತಲೆಮಾರೂ ಅದನ್ನ ಮತ್ತೆ ನಕಲು ಮಾಡಿದ್ದರಿಂದ. ನೀವೂ ಹಾಗೇ ಮಾಡಿ. ಮೂರು ಪ್ರತಿ ಇರಲಿ: ಊರಲ್ಲೊಂದು, ನಿಮ್ಮಲ್ಲೊಂದು, ಅಕ್ಕನ ಮನೆಯಲ್ಲೊಂದು. ಅದೇ ಫೈಲನ್ನ ಒಂದು ಪೆನ್‌ಡ್ರೈವ್‌ಗೂ ಹಾಕಿಡಿ. ಐದು ವರ್ಷಕ್ಕೊಮ್ಮೆ, ಯುಗಾದಿಗೋ ದೀಪಾವಳಿಗೋ ಮನೆ ಸಾರಿಸುವಾಗ, ತೆಗೆದು ಓಡಿಸಿ ನೋಡಿ ಹೊಸದಕ್ಕೆ ನಕಲು ಮಾಡಿ.

ಈ ವಾರದ ಮನೆಗೆಲಸ

ಇನ್ನೂರು ಫೋಟೋ ನೋಡಿ ಹೆದರಬೇಡಿ. ಈ ಶನಿವಾರ ಹತ್ತೇ ಫೋಟೋ ಆರಿಸಿ. ಊರಿನ ಹೊತ್ತು ನೋಡಿಕೊಂಡು, ಹಿರಿಯರು ಊಟ ಮುಗಿಸಿ ಆರಾಮಾಗಿ ಕೂತಿರುವಾಗ ಕರೆ ಮಾಡಿ. ಐದು ಪ್ರಶ್ನೆ ಕೇಳಿ, ರೆಕಾರ್ಡ್ ಮಾಡಿ, ಅವತ್ತೇ ರಾತ್ರಿ ಹೆಸರುಗಳನ್ನ ಬರೆದಿಡಿ. ಹಾಡು, ಮೆನು, ಡಿಸ್ಕು, ಇವೆಲ್ಲ ಮುಂದಿನ ತಿಂಗಳು ಮಾಡಿದರೂ ನಡೆಯುತ್ತೆ. ಹೆಸರು ಕೇಳೋದನ್ನ ಮಾತ್ರ ಮುಂದಕ್ಕೆ ಹಾಕಬೇಡಿ.